ಬೌಲರ್ ಕಾಕಾನ ಜೀವನ ಚರಿತ್ರೆ

ಹೊಗಳಿ ಬರೆಯುವುದೂ ಒಂದು ಚಟವೇ. ತಂಬಾಕಿನ ಪೊಟ್ಟಣದ ಮೇಲಾದರೂ ಎಚ್ಚರಿಕೆಯ ಚಿತ್ರವಿರುತ್ತದೆ. ಸನ್ಮಾನದ ಲೇಖನಕ್ಕೆ ಅದೂ ಇಲ್ಲ. ಮಾಸ್ತರಿಕೆಯಿಂದ ನಿವೃತ್ತನಾದ ಮೇಲೆ ಬೆಳಗಾವಿಯಲ್ಲಿ ಯಾರಿಗೆ ಶಾಲು ಹೊದಿಸಿದರೂ ಅವರ ಪರಿಚಯ ಬರೆಯುವವನು ನಾನೇ. ಒಮ್ಮೆ ಒಬ್ಬ ಧುರೀಣರನ್ನು ಎಷ್ಟು ಹೊಗಳಿದ್ದೆನೆಂದರೆ, ಮರುದಿನ ಅವರ ಹೆಂಡತಿಯೇ ಫೋನ್ ಮಾಡಿ, "ಮಾಸ್ತರ, ನೀವು ಬರದದ್ದು ಯಾರ ಮ್ಯಾಲೆರೀ?" ಎಂದು ಕೇಳಿದ್ದರು.

ಹೀಗಿರುವಾಗ ಕ್ರೀಡಾಭಿಮಾನಿಗಳ ಸಮಿತಿಯೊಂದು ಖಾನಾಪುರದ ರುದ್ರಪ್ಪನವರನ್ನು ಸನ್ಮಾನಿಸಲು ಹೊರಟಿತು. ರುದ್ರಪ್ಪ ನನ್ನ ಹೆಂಡತಿಯ ಕಾಕಾ. ತೊಂಬತ್ತರ ಹತ್ತಿರದ ಜೀವ. ಹರೆಯದಲ್ಲಿ ಬೆಳಗಾವಿಯ ಗಿರಣಿಯೊಂದರ ತಂಡಕ್ಕೆ ವೇಗದ ಬೌಲರ್ ಆಗಿದ್ದವರು. ಆಗ ಗಿರಣಿಯವರು ಕ್ರಿಕೆಟ್ಟಿಗೆಂದೇ ಆಳು ಇಟ್ಟುಕೊಳ್ಳುತ್ತಿದ್ದರಂತೆ. ಹೆಸರಿಗೆ ಕಾಕಾ ಗುಮಾಸ್ತ, ಮಾಡುವ ಕೆಲಸ ಚೆಂಡೆಸೆತ. ಭುಜ ಕೈಕೊಟ್ಟ ಮೇಲಷ್ಟೇ ಅವರು ಕುರ್ಚಿಯ ಮೇಲೆ ಕೂತು, ಗುಮಾಸ್ತ ಎಂದರೆ ಏನು ಮಾಡಬೇಕೆಂದು ಕಲಿತದ್ದು.

"ನಮ್ಮ ಕಾಕಾನ ಬಗ್ಗೆ ಬರಿಯೂಮುಂದ ಕೈ ಹಿಡೀಬ್ಯಾಡ್ರಿ ಮತ್ತ," ಎಂದು ಹೆಂಡತಿ ತಾಕೀತು ಮಾಡಿದಳು. ನಾನು ಖಾನಾಪುರಕ್ಕೆ ಹೋಗಿ ಕಾಕಾನ ಎದುರು ಬರೆಯುವ ವಹಿ ಬಿಚ್ಚಿದೆ.

"ಬರಿಯಾಕ ಏನೈತೋ? ಓಡಿ ಬಂದೆ, ಚೆಂಡ ಒಗದೆ. ಭುಜಾ ಹ್ವಾತು. ಮುಗೀತು," ಎಂದರು.

ನನಗೆ ಬೇಕಾದದ್ದು ನಾಲ್ಕು ಪುಟ. ಕೊನೆಯ ಪಂದ್ಯ ಹೇಗಾಯಿತೆಂದು ಕೆದಕಿದೆ. "ಹೊತ್ತ ಮುಗದು ಡ್ರಾ ಆತು. ಕಡೀ ಓವರ್ ನಂದು. ಆರೂ ಚೆಂಡಿಗೆ ದಸ್ತಗೀರ ಒಂದ ರನ್ನೂ ಹೊಡೀಲಿಲ್ಲ," ಎಂದರು ಕಾಕಾ. ಅಷ್ಟರಲ್ಲಿ ಚಹಾ ಬಂತು. ಯಾಕೆ ಹೊಡೆಯಲಿಲ್ಲ ಎಂದು ಕೇಳುವುದು ನನಗೆ ಹೊಳೆಯಲೇ ಇಲ್ಲ. ಮನೆಗೆ ಬಂದು, 'ರುದ್ರಪ್ಪನವರ ಬೆಂಕಿಯಂಥ ಎಸೆತಗಳೆದುರು ದಸ್ತಗೀರನೆಂಬ ದಾಂಡಿಗ ಕೈಕಾಲು ನಡುಗಿ, ಹೇಡಿಯಂತೆ ನಿಂತುಬಿಟ್ಟ' ಎಂದು ಬರೆದೆ. ಎಷ್ಟು ಚೆಂದದ ವಾಕ್ಯ! ಹೆಂಡತಿಗೆ ಎರಡೆರಡು ಸಲ ಓದಿ ಹೇಳಿದೆ.

ಸಮಾರಂಭದ ದಿನ ಸಭಾಂಗಣ ತುಂಬಿತ್ತು. ಅಧ್ಯಕ್ಷರು ಕಾಕಾನನ್ನು 'ಮಹಾನ್ ಬ್ಯಾಟ್ಸ್‌ಮನ್' ಎಂದು ಸ್ವಾಗತಿಸಿದರು. ಮುಂದಿನ ಸಾಲಿನಲ್ಲಿ ಕಾಕಾನ ಪಕ್ಕಕ್ಕೆ ಬಿಳಿ ಟೋಪಿಯ ಮುದುಕರೊಬ್ಬರು ಕೂತಿದ್ದರು. ಯಾರೋ ಅಭಿಮಾನಿ ಇರಬೇಕೆಂದುಕೊಂಡು ನಾನು ಲೇಖನ ಓದತೊಡಗಿದೆ. ಆ ಚೆಂದದ ವಾಕ್ಯಕ್ಕೆ ಬಂದು ಮುಟ್ಟಿದ್ದೇ ತಡ, ಕಾಕಾ ಎಡಗೈ ಎತ್ತಿದರು, ಬಲಗೈ ಏಳುವುದಿಲ್ಲ.

"ನಿಂದರ್ಸು. ಇವನೇ ದಸ್ತಗೀರ. ಪೀರನವಾಡಿಯಿಂದ ನಾನ ಕರಸೇನಿ."

ನಾನು ಹಾಳೆಗಳನ್ನು ಮಡಚಿಕೊಂಡೆ. ಕಾಕಾ ಎದ್ದು ನಿಂತು ಸಭೆಯ ಕಡೆ ತಿರುಗಿದರು.

"ಅವತ್ತ ನನ್ನ ಭುಜಾ ಏಳತಿದ್ದಿಲ್ಲ. ಒಗಿಯಾಕ ಆಗೂದಿಲ್ಲ ಅಂದೆ. ಮ್ಯಾನೇಜರ ಮೈದಾನದಾಗ ಬಂದು, 'ಸೋತರ ನಾಳಿಂದ ಗಿರಣಿಗೆ ಬರಬ್ಯಾಡ' ಅಂದ. ನನ್ನ ಲಗ್ನಾ ನಿಶ್ಚಯ ಆಗಿತ್ತು. ಈ ದಸ್ತಗೀರ ಬಾಜೂಕ ಬ್ಯಾಟ್ ಹಿಡಕೊಂಡ ನಿಂತ ಎಲ್ಲಾ ಕೇಳಿದ. ಅವರಿಗೆ ಗೆಲ್ಲಾಕ ಮೂರ ರನ್ ಸಾಕಿತ್ತು. ನಾ ಒಗದದ್ದು ಬೌಲಿಂಗ್ ಅಲ್ರೀ, ಕೂಸಿಗೆ ಪೇರಲ ಹಣ್ಣ ಒಗದಂಗ. ಆರಕ್ಕ ಆರೂ ಚೆಂಡ ತಡದ ಕಾಲಾಗ ಕೆಡವಿದ. ಇವನ ತಂಡದವರು ಹೇಡಿ ಅಂದು ಇವನ್ನ ತಗದ ಹಾಕಿದ್ರು. ರವಿವಾರ ಪೇಟ್ಯಾಗ ಹಮಾಲ ಆಗಿ ಮೆಣಸಿನಕಾಯಿ ಚೀಲಾ ಹೊತ್ತ, ಖರೇ ಸಂಗತಿ ಯಾರ ಮುಂದೂ ಹೇಳಲಿಲ್ಲ. ಇಷ್ಟ ವರ್ಷ ನಾನೂ ಹೇಳಲಿಲ್ಲ. ಅದು ನಂದು ತಪ್ಪು."

ದಸ್ತಗೀರ ಸಾಹೇಬರು ನಾಚಿ, ಟೋಪಿ ಸರಿಮಾಡಿಕೊಂಡು, "ಅರೇ, ಬಿಡೋ ರುದ್ರ್ಯಾ. ಹೊಡದಿದ್ರೂ ಕ್ಯಾಚ್ ಆಗ್ತಿತ್ತು," ಎಂದರು.

"ನೀ ಸುಳ್ಳ ಹೇಳಬ್ಯಾಡ. ಅದಕ್ಕ ಇಲ್ಲಿ ಬ್ಯಾರೆ ಮನಷ್ಯಾನ್ನ ಇಟ್ಟಾರ," ಎಂದು ಕಾಕಾ ನನ್ನತ್ತ ಬೆರಳು ತೋರಿಸಿದರು.

ಜನ ಕಣ್ಣೊರೆಸಿಕೊಳ್ಳುತ್ತಲೇ ಬಿದ್ದು ಬಿದ್ದು ನಕ್ಕರು. ಸಮಿತಿ ತಂದದ್ದು ಒಂದೇ ಶಾಲು. ಕಾಕಾ ಅದನ್ನು ಇಸಿದುಕೊಂಡು, ಒಂದೇ ಕೈಯಿಂದ ದಸ್ತಗೀರ ಸಾಹೇಬರಿಗೆ ಹೊದಿಸಿದರು. ಅಧ್ಯಕ್ಷರು ಗದ್ಗದಿತರಾಗಿ, ಇಬ್ಬರು ಮಹಾನ್ ಬ್ಯಾಟ್ಸ್‌ಮನ್‌ಗಳಿಗೆ ವಂದಿಸಿದರು.

ಕಾಕಾನನ್ನು ಖಾನಾಪುರಕ್ಕೆ ಬಿಡುವ ಹೊಣೆ ನನ್ನದಾಗಿತ್ತು. ಕಾರು ಪೀರನವಾಡಿ ದಾಟಿದ ಮೇಲೆ ಹೇಗೋ ಧೈರ್ಯ ಮಾಡಿ, "ತಪ್ಪಾತ್ರಿ ಕಾಕಾ," ಎಂದೆ.

"ಇರಲಿ ಬಿಡು. ಸಾಲ್ಯಾಗ ನೀ ಏನ ಕಲಸ್ತಿದ್ದಿ?"

"ಇತಿಹಾಸ," ಎಂದೆ.

ಕಾರು ದೇಸೂರು ದಾಟಿತು. ಕಾಕಾ ಮೆಲ್ಲಗೆ, "ಎಷ್ಟ ವರ್ಷ?" ಎಂದು ಕೇಳಿದರು.

ಮೂವತ್ತೆರಡು ವರ್ಷ. ಆದರೆ ಪಕ್ಕದಲ್ಲಿದ್ದ ಆ ಮುಖ ನೋಡಿ, "ಭಾಳ ಏನ ಇಲ್ರಿ ಕಾಕಾ," ಎಂದುಬಿಟ್ಟೆ.