ತೇಗದ ಡಬ್ಬಿಗೊಂದು ಸೂರು

ಇಲ್ಲದವರು ಒಂದು ವಸ್ತು ಉಳಿಸಿಕೊಳ್ಳೋಕೆ ಹೊರಟರೆ ಅದರ ಸುತ್ತ ನಗೋ ಅಂಥ ಸಂಗತಿಗಳು ತಾವಾಗೇ ಬಂದು ಕೂಡ್ತವೆ. ಆದರೆ ಆಗ ಯಾರೂ ನಗೋದಿಲ್ಲ. ನಗು ಬರೋದು ವರ್ಷಗಟ್ಟಲೆ ಆದ ಮೇಲೆ.

ಉಗಿಬಂಡಿ ಓಡ್ತಿದ್ದ ಕಾಲ. ಆಚೆ ಸೀಮೆ ಈಚೆ ಸೀಮೆ ಕೂಡಿ ಒಂದು ರಾಜ್ಯ ಆಗಿ ನಾಲ್ಕಾರು ವರ್ಷ ಆಗಿತ್ತು. ನಮ್ಮನೆಯವರು ಹರಿಹರದ ರೈಲ್ವೆ ಯಾರ್ಡಿನಲ್ಲಿ ಬಡಗಿ. ಅಲ್ಲಿ ಹಳಿಯ ಕೊನೇ ತುದಿಗೆ ಒಂದು ಹಳೇ ತೇಗದ ಡಬ್ಬಿ ನಿಂತಿತ್ತು. ಹಿಂದೆ ದೊರೆಗಳು ಓಡಾಡಿದ ಡಬ್ಬಿ. ಅದರ ಬಾಗಿಲು ಕೊರೆದವರು ನಮ್ಮ ಮಾವನವರು. ಚಿಲಕದ ಮೇಲೆ ಒಂದು ಸಣ್ಣ ಗಿಣಿ ಕೊರೆದಿದ್ದರು, ಅದೇ ಅವರ ಗುರುತು. ಈಗ ಅದನ್ನು ಒಡೆದು ಸೌದೆಗೆ ಹಾಕಬೇಕು ಅಂತ ಆಗಿತ್ತು.

ನಮ್ಮನೆಯವರು ದೊಡ್ಡ ಸಾಹೇಬರ ಮುಂದೆ ಕೈ ಕಟ್ಟಿ ನಿಂತು, "ನಾನು ರಿಪೇರಿ ಮಾಡ್ತೀನ್ರಿ, ಡ್ಯೂಟಿ ಮುಗಿದ ಮ್ಯಾಲೆ" ಅಂದರು.

ಸಾಹೇಬರು ಕೆಟ್ಟವರಲ್ಲ. "ಮಳೆಗಾಲದಾಗ ಬಯಲಾಗ ನಿಂತ್ರೆ ಮರ ಕೊಳೆತು ಹೋಗುತ್ತೆ. ನನ್ನತ್ರ ಶೆಡ್ ಇಲ್ಲ. ಮರ ನಮ್ಮದು, ನೆರಳು ನಿಮ್ಮದು. ದೀಪಾವಳಿ ಕಳೆದ ಮೇಲೆ ಬಂದು ನೋಡ್ತೀನಿ. ಒಳಗೆ ಒಂದು ಹನಿ ನೀರು ಕಂಡ್ರೂ ಸೌದೆಗೇ" ಅಂದರು.

ಮನೆಗೆ ಬಂದು ನಮ್ಮನೆಯವರು ನನಗೆ ಹೇಳಿದ್ದು ಇಷ್ಟೇ: "ನಲವತ್ತು ಅಡಿ ಉದ್ದದ ನೆರಳು ಬೇಕಾಗೈತೆ."

ನಾನಂದೆ, "ನಮ್ಮನಿ ಬಚ್ಚಲಿಗೇ ಇನ್ನೂ ಸೂರಿಲ್ಲ."

ಎಮ್ಮೆ ತಿಂದ ಗೋಡೆ

ನನ್ನ ತವರು ಆನೆಕೊಂಡ. ಅಣ್ಣನಿಗೆ ಹೇಳಿಕಳಿಸಿದೆ. ಅವನು ಒಂದು ಗಾಡಿ ಜೋಳದ ಸೊಪ್ಪೆ ಹೇರಿಕೊಂಡು ಬಂದ. ಸೊಪ್ಪೆಯನ್ನು ತಡಿಕೆ ಕಟ್ಟಿ ಡಬ್ಬಿಯ ಎರಡೂ ಮಗ್ಗುಲಿಗೆ ನಿಲ್ಲಿಸಿದರು, ಮೇಲೂ ಹೊದಿಸಿದರು. ನೋಡೋಕೆ ಹೊಲದ ಗುಡಿಸಲಿಗೆ ಗಾಲಿ ಬಂದಂಗಿತ್ತು.

ನಾಲ್ಕು ದಿನ ಚೆನ್ನಾಗಿತ್ತು. ಐದನೇ ದಿನ ಹೋಗಿ ನೋಡಿದರೆ ಗೋಡೆ ಮೊಣಕಾಲ ತನಕ ಇಲ್ಲ. ಏಳನೇ ದಿನ ಎದೆಮಟ್ಟ ಇಲ್ಲ. ಕೆಳಗಿನ ಆಸರೆ ಹೋದ ಮೇಲೆ ಮೇಲಿನ ಹೊದಿಕೆಯೂ ಜಾರಿ ಕೆಳಗೆ ಬಿತ್ತು. ಅದನ್ನೂ ಎರಡು ಎಮ್ಮೆ ನಿಂತು ನಿಧಾನವಾಗಿ ಮುಗಿಸುತ್ತಿದ್ದವು.

ಎಮ್ಮೆಗಳು ಹಳಿಯ ಆಚೆ ದಂಡೆಯ ಹಾಲಿನಾಕೆಯವು. ನಾನು ಜಗಳಕ್ಕೇ ಹೋದೆ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, "ಏನವ್ವಾ, ನಿನ್ನ ಎಮ್ಮೆ ನಮ್ಮ ಸೂರು ತಿಂದಾವು!" ಅಂದೆ.

ಆಕೆ ನನ್ನ ಮುಖವನ್ನೇ ನೋಡಿದಳು. ಒಳಗೆ ಹೋಗಿ ಒಂದು ತಂಬಿಗೆ ಮಜ್ಜಿಗೆ ತಂದು ನನ್ನ ಕೈಗಿಟ್ಟಳು. "ಬಾಳ ಉಪಕಾರ ಆತು ನೋಡಕ್ಕ. ಮೂರು ದಿನದಿಂದ ಎರಡೂ ಕೊಡ ತುಂಬ ಕರಿತಾವು. ಇನ್ನೊಂದು ಗೋಡೆ ಯಾವಾಗ ಕಟ್ತೀರಿ?"

ಬೆಸ ಸೀನು

ದಾವಣಗೆರೆಯ ಮಂಡಿಪೇಟೆಯಲ್ಲಿ ಚೀಲ ಹೊಲಿಯೋ ಒಬ್ಬ ಚಾಚಾ ಇದ್ದರು. ನಮ್ಮ ಮಾವನವರ ಕಾಲದ ಪರಿಚಯ, ಬಿಳಿ ಗಡ್ಡ, ಕಿವಿ ಮೇಲೆ ಯಾವಾಗಲೂ ಒಂದು ದಬ್ಬಣ. ನಮ್ಮನೆಯವರು ಕಷ್ಟ ಹೇಳಿಕೊಂಡಾಗ ಚಾಚಾ ಅಂಗಡಿ ಮೂಲೆಯ ಹರಕು ಚೀಲಗಳ ರಾಶಿ ತೋರಿಸಿದರು.

"ಇವು ಅಕ್ಕಿದು, ಇವು ಶೇಂಗಾದು, ಇವು ಮೆಣಸಿನಕಾಯಿದು. ಯಾವ್ದು ಬೇಕು ಮಗಾ?"

ನಮ್ಮನೆಯವರು ಬಡಗಿ ಅಲ್ಲವಾ, ಮರದ ಮೇಲೇ ಧ್ಯಾನ. ಅಕ್ಕಿ ಚೀಲಕ್ಕೆ ಇಲಿ ಬರುತ್ತೆ, ಶೇಂಗಾ ಚೀಲಕ್ಕೆ ಇರುವೆ ಬರುತ್ತೆ, ಮೆಣಸಿನಕಾಯಿ ಘಾಟಿಗೆ ಗೆದ್ದಲೂ ಹತ್ತಿರ ಸುಳಿಯೋದಿಲ್ಲ ಅಂತ ಲೆಕ್ಕ ಹಾಕಿ ಆ ಚೀಲಗಳನ್ನೇ ಆರಿಸಿದರು. ಚಾಚಾ ಮೂರು ದಿನ ನಮ್ಮ ಕಟ್ಟೆ ಮೇಲೆ ಕೂತು ಹೊಲಿದು ಕೊಟ್ಟರು. ಡಬ್ಬಿಗೆ ಕೌದಿ ಹೊದಿಸಿದಂಗೆ ಹೊದಿಸಿದರು. ಗೆದ್ದಲು ನಿಜಕ್ಕೂ ಬರಲಿಲ್ಲ.

ಗಾಳಿ ಬಂತು.

ಆ ಹೊತ್ತಿಗೆ ಸ್ಟೇಷನ್ನಿನಲ್ಲಿ, ಘಾಟು ಬಡಿಯೋ ದಿಕ್ಕಿಗೇ, ಪ್ಯಾಸೆಂಜರ್ ಗಾಡಿ ನಿಂತಿತ್ತು. ಗಾರ್ಡ್ ಹಸಿರು ಬಾವುಟ ಎತ್ತಿ ಸೀಟಿ ಬಾಯಿಗಿಟ್ಟರು, ಊದೋ ಬದಲು ಸೀನಿದರು. ಒಂದೇ ಒಂದು ಸೀನು. ಗಾಡಿ ಹತ್ತೋಕೆ ಒಂದು ಕಾಲು ಮೇಲಿಟ್ಟಿದ್ದ ಮುದುಕಿ ಆ ಕಾಲನ್ನು ಕೆಳಗಿಳಿಸಿಬಿಟ್ಟಳು. ಹೊರಡೋ ಹೊತ್ತಿಗೆ ಒಂಟಿ ಸೀನು ಅಂದರೆ ಯಾರು ತಾನೆ ಹತ್ತುತ್ತಾರೆ?

"ಹತ್ತಮ್ಮಾ, ಹೊತ್ತಾತು" ಅಂದರು ಗಾರ್ಡ್.

"ಇನ್ನೊಂದು ಸೀನ್ರಿ, ಹತ್ತತೀನಿ. ಮಗಳ ಬಾಣಂತನಕ್ಕ ಹೊಂಟೀನಿ ನಾನು."

ಗಾರ್ಡ್ ಸೀನಿದರು. ಎರಡಾಯಿತು ಅಂತ ಮುದುಕಿ ಕಾಲೆತ್ತಿದಳು. ಅಷ್ಟರಲ್ಲಿ ಮೂರನೆಯದು ಬಂತು. ಮತ್ತೆ ಇಳಿದಳು. ನಾಲ್ಕು, ಐದು. ಒಳಗೆ ಕೂತವರೆಲ್ಲ ಕಿಟಕಿಯಿಂದ ತಲೆ ಹೊರಗೆ ಹಾಕಿ ಎಣಿಸತೊಡಗಿದರು. ಎಣಿಸುತ್ತ ಅವರೂ ಸೀನಿದರು. ನಮ್ಮನೆಯವರು ಕಂಬದ ಮರೆಯಲ್ಲಿ ನಿಂತು ಶಿವ ಶಿವ ಅಂತಿದ್ದರು, ಕೆಲಸ ಹೋದರೆ ಡಬ್ಬಿಯೂ ಹೋದಂಗೇ ಅಂತ.

ಏಳನೇ ಸೀನಿಗೆ ಗಾರ್ಡ್ ಕಣ್ಣೊರೆಸಿಕೊಂಡು ಮುದುಕಿಗೆ ಕೈಮುಗಿದರು. "ತಾಯೀ, ಎಂಟನೇದು ನೀನೇ ಸೀನು. ಅದನ್ನೂ ನನ್ನ ಲೆಕ್ಕಕ್ಕೇ ಹಾಕ್ಕೋ."

ಸವತಿ

ಸ್ಟೇಷನ್ ಮಾಸ್ತರು ಬೈದರು ಅಂತ ಆ ಚೀಲಗಳನ್ನೆಲ್ಲ ತುಂಗಭದ್ರೆಯಲ್ಲಿ ಒಗೆದೆ. ನನ್ನ ಕೈ ಎಂಟು ದಿನ ಉರಿಯಿತು. ಒಗೆದ ಚೀಲಕ್ಕೆ ಚಾಚಾ ಡಾಂಬರು ಸವರಿ ಒಣಗಿಸಿದರು. ಡಬ್ಬಿಯ ಮೈಮೇಲೆ ಹಾಕಿದರೆ ಮರಕ್ಕೆ ಉಸಿರಾಡೋಕಾಗಲ್ಲ, ಎತ್ತರಕ್ಕೆ ಒಂದು ಹಂದರವನ್ನೇ ಹಾಕೋಣ ಅಂತ ನಮ್ಮನೆಯವರೂ ಚಾಚಾನೂ ಮಾತಾಡಿಕೊಂಡು ಬಿದಿರು ನೆಟ್ಟರು. ಮೊದಲನೇ ಕಂಬಕ್ಕೆ ನಾನು ಅರಿಶಿನ ಹಚ್ಚಿ ಮಾವಿನ ಸೊಪ್ಪು ಕಟ್ಟಿದೆ. ಕಂಬ ನೆಟ್ಟ ಮೇಲೆ ಪೂಜೆ ಮಾಡದೆ ಹೆಂಗೆ ಬಿಡೋದು?

ತಪ್ಪಾಗಿದ್ದು ಅಲ್ಲೇ. ಅರಿಶಿನದ ಕಂಬ, ಮಾವಿನ ಸೊಪ್ಪು, ಮೇಲೆ ಹಂದರ ಕಂಡರೆ ನಮ್ಮ ಸೀಮೆಯಲ್ಲಿ ಯಾರಾದರೂ ಏನಂದುಕೊಳ್ತಾರೆ? ಉಕ್ಕಡಗಾತ್ರಿ ಗುಡಿಗೆ ಹೊರಟ ಎತ್ತಿನ ಗಾಡಿಯವರು ದಾರಿಯಲ್ಲಿ ನಿಲ್ಲಿಸಿ, "ಯಾರ ಮದುವ್ರೀ?" ಅಂತ ಚಾಚಾನ ಕೇಳಿದರಂತೆ. ಚಾಚಾ ಕೆಲಸದ ಗಡಿಬಿಡಿಯಲ್ಲಿ, "ಈ ಬಡಗೀದೇ ಎಲ್ಲಾ" ಅಂದುಬಿಟ್ಟರಂತೆ. ಆ ಮಾತು ಗಾಡಿಯಿಂದ ಗಾಡಿಗೆ ದಾಟಿ ಆನೆಕೊಂಡ ಮುಟ್ಟಿತು.

ಮಾರನೇ ದಿನ ಮಧ್ಯಾಹ್ನ ನಮ್ಮ ಅಣ್ಣ ಬಂದ. ಕೈಯಲ್ಲಿ ಬಾರುಕೋಲು.

"ಎಲ್ಲದಾನ ನಿನ್ನ ಗಂಡ? ನನ್ನ ತಂಗಿ ಬದುಕಿರುವಾಗ್ಲೇ ಎರಡನೇ ಸಂಬಂಧನಾ? ಬೀಗರಿಗೆ ಒಂದು ಮಾತೂ ಹೇಳ್ದಂಗೆ ಹಂದರ ಹಾಕ್ಯಾನ?"

ನನಗೆ ಮೊದಲು ಅರ್ಥ ಆಗಲಿಲ್ಲ. ಅರ್ಥ ಆದ ಮೇಲೆ ಅಣ್ಣನ ಕೈ ಹಿಡಿದು ಕರಕೊಂಡು ಹೋಗಿ ಹಂದರದ ಕೆಳಗೆ ನಿಲ್ಲಿಸಿದೆ. ಆರು ತಿಂಗಳಿಂದ ಗಂಡನ ಮುಖ ನಾನೂ ಸರಿಯಾಗಿ ನೋಡಿರಲಿಲ್ಲ. ಆ ಸಿಟ್ಟೂ ಇತ್ತು.

"ನೋಡಣ್ಣ, ಈಕೀನೇ ನನ್ನ ಸವತಿ. ನಲವತ್ತು ಅಡಿ ಉದ್ದ ಅದಾಳ. ಹಲ್ಲೆಲ್ಲ ಬಿದ್ದಾವು, ತಳ್ಳದಿದ್ರೆ ಒಂದು ಹೆಜ್ಜೆ ಇಡಂಗಿಲ್ಲ. ಹೊಡಿಯೋದಾದ್ರೆ ಈಕೀಗೇ ಹೊಡಿ."

ಅಣ್ಣ ಡಬ್ಬಿಯನ್ನು ಮೇಲಿಂದ ಕೆಳಗೆ ನೋಡಿದ. ಬಾರುಕೋಲು ಬಗಲಿಗೆ ಸಿಕ್ಕಿಸಿಕೊಂಡ. "ಮನೆತನಸ್ಥರ ಹೆಣ್ಣು ಕಂಡಂಗ ಕಾಣ್ತಾಳ. ಹೊಂದ್ಕಂಡು ಹೋಗು ತಂಗಿ" ಅಂದ.

ಹಿರಿಯರು ಬಂದುಹೋದರು

ಇದನ್ನು ನಾನು ಬಹಳ ಜನರಿಗೆ ಹೇಳಿಲ್ಲ.

ನಮ್ಮ ಮಾವನವರು ಆ ಡಬ್ಬಿಗೆ ಬಾಗಿಲು ಕೊರೆದರೇ ಹೊರತು ಅದರೊಳಗೆ ಒಂದು ದಿನವೂ ಕೂತವರಲ್ಲ. ಕೆಲಸ ಮುಗಿದ ದಿನ ಅವರನ್ನು ಹೊರಗೆ ಕಳಿಸಿ ಒಳಗೆ ರತ್ನಗಂಬಳಿ ಹಾಸಿದರಂತೆ. ಸಾಯೋವಾಗಲೂ ಆ ಗಿಣಿಯ ಮಾತೇ ಆಡಿದ್ದರು. ಹಿರಿಯರ ಅಮಾವಾಸ್ಯೆ ಬಂದಾಗ ನಮ್ಮನೆಯವರು ಬೆಳಿಗ್ಗೆನೇ ಹೇಳಿದರು: "ಈ ವರ್ಷ ಅಪ್ಪಗ ಎಡೆ ಮನ್ಯಾಗ ಬ್ಯಾಡ. ಡಬ್ಬಿ ಒಳಗ ಇಡೋಣ. ಆ ಮೆತ್ತನೆ ಸೀಟಿನ ಮ್ಯಾಲೆ."

ಹೋಳಿಗೆ ಮಾಡಿದೆ, ಮೂರು. ಮಾವನವರು ಮೂರೇ ತಿನ್ನೋರು, ತುಪ್ಪ ಮಾತ್ರ ಕೈತುಂಬ ಬೇಕು. ಜೊತೆಗೆ ಒಂದು ಕಟ್ಟು ಬೀಡಿ. ಎಲೆ ಹಾಕಿ, ಬಡಿಸಿ, ಊದುಬತ್ತಿ ಹಚ್ಚಿ, ಬಾಗಿಲು ಮುಂದೆ ಮಾಡಿ ಹೊರಗೆ ಬಂದೆವು. ಹಿರಿಯರು ಉಣ್ಣೋವಾಗ ನೋಡಬಾರದು.

ಸ್ವಲ್ಪ ಹೊತ್ತಿನ ಮೇಲೆ ಬಾಗಿಲು ತೆಗೆದರೆ ಎಲೆ ಖಾಲಿ. ಒರೆಸಿದಂಗೆ ಖಾಲಿ. ಬೀಡಿಯೂ ಇಲ್ಲ.

ನಮ್ಮನೆಯವರು ಅಲ್ಲೇ ಕುಸಿದು ಕೂತರು. "ಅಪ್ಪ ಬಂದಿದ್ದ ಕಣೇ. ಕಡೀಗೂ ಒಳಗ ಕೂತು ಉಂಡು ಹೋದ" ಅಂತ ಮಗುವಿನಂಗೆ ಅತ್ತರು. ಮದುವೆಯಾಗಿ ಅಷ್ಟು ವರ್ಷಕ್ಕೆ ಅವರು ಅತ್ತಿದ್ದು ನಾನು ನೋಡಿದ್ದು ಅದೊಂದೇ ಸಲ.

ನಾನೂ ಕಣ್ಣೊರೆಸಿಕೊಂಡು ಆಚೆ ಕಡೆಯ ಬಾಗಿಲಿಂದ ಕೆಳಗಿಳಿದೆ. ಅಲ್ಲಿ ನಮ್ಮ ಪಾಯಿಂಟ್ಸ್‌ಮನ್, ಹಳಿ ತಿರುಗಿಸೋ ಹುಡುಗಾಟದ ಮನುಷ್ಯ, ಗಾಲಿಗೆ ಒರಗಿ ಬೀಡಿ ಸೇದುತ್ತಿದ್ದ. ಮೀಸೆ ತುಂಬ ತುಪ್ಪ. ನನ್ನ ನೋಡಿ ಎದ್ದು ನಿಂತ. ನಾನು ಬಾಯಿ ಮೇಲೆ ಬೆರಳಿಟ್ಟು, "ಮೀಸೆ ಒರಸ್ಕೋ ಹಿರಿಯಾ" ಅಂದೆ.

ಕುಬುಸದ ಊಟ

ದೀಪಾವಳಿ ಕಳೆಯಿತು. ಡಬ್ಬಿಯ ಛಾವಣಿಗೆ ನಮ್ಮನೆಯವರು ಹೊಸ ಕ್ಯಾನ್ವಾಸ್ ಬಿಗಿದು ಅಗಸೆ ಎಣ್ಣೆಯ ಬಣ್ಣ ಕೊಟ್ಟಿದ್ದರು. ಕೊನೇ ಬಣ್ಣ ಒಣಗೋಕೆ ಇನ್ನೊಂದು ದಿನ ಬೇಕಿತ್ತು. ಸಾಹೇಬರು ಒಂದು ದಿನ ಮೊದಲೇ ಬಂದು ಇಳಿದರು. ಹಿಂದೆ ಒಬ್ಬ ಸೌದೆ ಗುತ್ತಿಗೆದಾರ, ಕೊಡಲಿ ಸಮೇತ. ಪಡುವಣದಲ್ಲಿ ಮೋಡ ಎಮ್ಮೆ ಬಣ್ಣಕ್ಕೆ ತಿರುಗಿತ್ತು.

"ಮೊದಲು ಈ ಹಂದರ ಕಿತ್ತಾಕಿ. ಬಯಲಲ್ಲಿ ನಿಲ್ಲಿಸಿ ನೋಡಬೇಕು ನಾನು" ಅಂದರು ಸಾಹೇಬರು.

ಕಿತ್ತರೆ ಮಳೆ ನೇರ ಹಸಿ ಬಣ್ಣದ ಮೇಲೆ. ನಮ್ಮನೆಯವರು ಮೋಡ ನೋಡಿದರು. ನಾನೇ ಮುಂದೆ ಹೋದೆ.

"ಸಾಹೇಬ್ರ, ಅರಿಶಿನ ಹಚ್ಚಿದ ಹಂದರದ ಕಂಬ ಐತ್ರಿ. ಕೆಳಗೊಂದು ಶುಭಕಾರ್ಯ ಆಗ್ದೆ ಕಿತ್ತರೆ ಕಿತ್ತಿಸಿದೋರಿಗೆ ಒಳ್ಳೇದಾಗಂಗಿಲ್ಲ."

ಸಾಹೇಬರು ಕೈ ಹಿಂದೆ ತಗೊಂಡರು. ಅವರಿಗೂ ಮದುವೆಗೆ ಬಂದ ಮಗಳಿದ್ದಳಂತೆ. "ಶುಭಕಾರ್ಯ ಯಾವಾಗ?"

"ಈಗ್ಲೇ" ಅಂದೆ, ಪಾಯಿಂಟ್ಸ್‌ಮನ್ ಕಡೆ ನೋಡುತ್ತ. ಅವನ ಹೆಂಡತಿ ಏಳು ತಿಂಗಳ ಬಸುರಿ, ಕುಬುಸ ಮಾಡೋದು ಬಾಕಿ ಇತ್ತು. ಅವನು ಬೇಡ ಅನ್ನೋಕೆ ಬಾಯಿ ತೆಗೆದ. ನಾನು ನನ್ನ ಮೂಗಿನ ಕೆಳಗೆ, ಮೀಸೆ ಇರೋ ಜಾಗದಲ್ಲಿ ಬೆರಳು ಆಡಿಸಿದೆ. "ಹೌದ್ರೀ ಸಾಹೇಬ್ರ, ಇವತ್ತೇ ಕುಬುಸ" ಅಂದ.

ಒಂದು ತಾಸಿನಲ್ಲಿ ಕ್ವಾರ್ಟರ್ಸಿನ ಹೆಂಗಸರೆಲ್ಲ ಸೇರಿದರು. ಹಾಲಿನಾಕೆ ಹಾಲು ತುಪ್ಪ ತಂದಳು. ಚಾಚಾನ ಮನೆಯಾಕೆ ಹಸಿರು ಬಳೆ ತಂದು ತೊಡಿಸಿದರು. ಹೆಂಗಸರ ನಡುವೆ ಸಾಹೇಬರು ಹೆಂಗೆ ನಿಲ್ತಾರೆ? "ಒಳಗ ಕೂಡ್ರಿ" ಅಂತ ಡಬ್ಬಿಯೊಳಗೆ ಕೂಡಿಸಿ ನಾಲ್ಕು ಹೋಳಿಗೆ ಬಡಿಸಿದೆ. ಉಂಡವರು ಅದೇ ಮೆತ್ತನೆ ಸೀಟಿನ ಮೇಲೆ ಗೊರಕೆ ಹೊಡೆದರು. ಹೊತ್ತು ಹೋದಷ್ಟೂ ನಮಗೆ ಲಾಭ. ಇದ್ದ ಸೋಬಾನೆ ಪದವನ್ನೆಲ್ಲ ಹಾಡಿದೆವು, ಮುಗಿದವನ್ನು ಮತ್ತೆ ಹಾಡಿದೆವು. ಬಿಸಿ ಗಾಳಿ ಬೀಸುತ್ತಿತ್ತು. ನಮ್ಮನೆಯವರು ಏಣಿ ಹತ್ತಿ ಬಣ್ಣ ಮುಟ್ಟಿ ನೋಡೋರು, ಇಳಿಯೋರು, ಮತ್ತೆ ಹತ್ತೋರು.

ಆರತಿ ಎತ್ತಿದ ಹೊತ್ತಿಗೆ ಮಳೆ ಬಂತು ನೋಡ್ರಿ. ಗಾಳಿಗೆ ಬಿದಿರು ಲಟಲಟ ಅಂದು, ಮಂಡಿಪೇಟೆಯ ಚೀಲ ಸಮೇತ ಹಂದರ ಕುಸಿಯಿತು. ನಾವೆಲ್ಲ ಡಬ್ಬಿಗೆ ನುಗ್ಗಿದೆವು: ಬಸುರಿ, ಬಳೆ ಬುಟ್ಟಿ, ಹೋಳಿಗೆ ಹರಿವಾಣ, ಚಾಚಾ, ಕೊಡಲಿ ಹಿಡಿದ ಗುತ್ತಿಗೆದಾರ. ಸಾಹೇಬರು ಕಣ್ಣು ಬಿಟ್ಟಾಗ ಇಪ್ಪತ್ತು ಹೆಂಗಸರು ಸುತ್ತ ನಿಂತಿದ್ದರು. ಯಾರೋ ಆರತಿ ತಟ್ಟೆಯನ್ನು ಅವರ ಕೈಗೇ ಕೊಟ್ಟುಬಿಟ್ಟರು.

ನಮ್ಮನೆಯವರು ಮಾತ್ರ ಯಾರನ್ನೂ ನೋಡಲಿಲ್ಲ. ತಲೆ ಎತ್ತಿ ಛಾವಣಿಯನ್ನೇ ನೋಡುತ್ತ ನಿಂತರು. ನಾನು ಅವರನ್ನು ನೋಡುತ್ತ ನಿಂತೆ. ಒಂದು ತಾಸು ಸುರಿಯಿತು. ಒಂದು ಹನಿ ಬೀಳಲಿಲ್ಲ. ತಟ್ಟೆಯ ದೀಪ ಕೂಡ ಆರಲಿಲ್ಲ.

ಸಾಹೇಬರು ಕಿಟಕಿಯಿಂದ ನೆಲ ಕಚ್ಚಿದ ಹಂದರ ನೋಡಿದರು, ಒಂಚೂರೂ ನೆನೆಯದ ತಮ್ಮ ಅಂಗಿ ನೋಡಿಕೊಂಡರು. "ಸೂರು ಬಿತ್ತು, ಡಬ್ಬಿ ನಿಂತಿತು. ಗೂಡ್ಸ್ ಶೆಡ್ಡಿನ ಹಿಂದಿನ ತುದಿ ಬಿಡಿಸಿಕೊಡ್ತೀನಿ, ಅಲ್ಲಿ ನಿಲ್ಲಿಸಿ" ಅಂದರು. ಗುತ್ತಿಗೆದಾರ ಕೊಡಲಿ ಸೀಟಿನ ಕೆಳಗೆ ಸರಿಸಿ, "ಇನ್ನೊಂದು ಹೋಳಿಗೆ ಐತೇನ್ರಿ?" ಅಂದ.

ಎಲ್ಲರಿಗೂ ಅಲ್ಲೇ ಎಲೆ ಹಾಕಿದೆವು. ಪಾಯಿಂಟ್ಸ್‌ಮನ್ ಗಿಣಿ ಬಾಗಿಲ ಕೆಳಗೆ ಕೂತು ಹೋಳಿಗೆ ಮುರಿದು ಬಾಯಿಗಿಟ್ಟ. ಹೆಂಡತಿಯ ಕುಬುಸದ ಖುಷಿಯಲ್ಲಿ ಮೈಮರೆತು, ಎಲ್ಲರಿಗೂ ಕೇಳೋ ಹಂಗೆ ಅಂದ: "ಏನೇ ಹೇಳಕ್ಕಾ, ಅಮಾಸಿ ದಿನದ ಹೋಳಿಗಿನೇ ರುಚಿ ಇದ್ವು. ತುಪ್ಪ ಜಾಸ್ತಿ ಇತ್ತು."

ನಮ್ಮನೆಯವರು ಅವನ ಹಿಂದೆಯೇ ಹರಿವಾಣ ಹಿಡಿದು ನಿಂತಿದ್ದರು. ಅವರು ಎಲೆ ನೋಡಿದರು, ಅವನ ಮೀಸೆ ನೋಡಿದರು, ನನ್ನ ಮುಖ ನೋಡಿದರು. ಆಮೇಲೆ ಬಗ್ಗಿ ಇನ್ನೊಂದು ಹೋಳಿಗೆ ಹಾಕಿ, ತುಪ್ಪದ ಗಿಂಡಿ ಪೂರ್ತಿ ಬಗ್ಗಿಸಿದರು.

"ತಿನ್ನಪ್ಪಾ, ತಿನ್ನು" ಅಂದರು. "ನಾಚ್ಕಬ್ಯಾಡ. ಬೀಡಿನೂ ತರಿಸ್ತೀನಿ."