ಸಾವಿರನೆಯ ದಿನದ ಬಲಗೈ

ಬೆಳಿಗ್ಗೆ ಏಳಕ್ಕೆ ವಗಿರಾನ್ ಮೂಲೆಯ ಪೈಪಿನ ಮೇಲೆ ಬಲಗೈಯಿಟ್ಟ. ಅದಕ್ಕೆ ಕಟ್ಟಿದ್ದ ಚೀಟಿಯಲ್ಲಿ ‘ಮುಚ್ಚಿದೆ, ತಣ್ಣಗಿದೆ’ ಎಂದಿತ್ತು. ಪೈಪಿಗೇನು ಓದು ಬರುತ್ತದೆಯೇ? ಅಂಗೈ ಚುರ್ರೆಂದಿತು.

ಅವನು ಕೂಗಲಿಲ್ಲ. ಎದುರಿಗೇ ಬೋರ್ಡು: ‘ಅಪಘಾತವಿಲ್ಲದ ದಿನಗಳು: 1000’. ಜಾವಾದ ಕಡಲಂಚಿನ ಆ ರಾಸಾಯನಿಕ ಕಾರ್ಖಾನೆಯಲ್ಲಿ ಒಬ್ಬನಿಗೆ ಗಾಯವಾದರೂ ಬೋರ್ಡು ಸೊನ್ನೆಗೆ ಇಳಿಯುತ್ತಿತ್ತು. ಸಾವಿರ ತುಂಬಿದ್ದಕ್ಕೆ ಇವತ್ತು ಹಳದಿ ಅನ್ನವನ್ನು ಗೋಪುರದಂತೆ ಒಟ್ಟಿದ ಹಬ್ಬದೂಟ, ಭಾನುವಾರ ಎಲ್ಲರಿಗೂ ಸಂಸಾರ ಸಮೇತ ಬಾಲಿ ಪ್ರವಾಸ.

ಪಕ್ಕದಲ್ಲಿದ್ದ ಸರ್ಮಿದಿ ಕೈ ನೋಡಿಬಿಟ್ಟ. “ಜೇಬಲ್ಲಿಡೋ ಅದನ್ನ! ನನ್ನ ಹೆಂಡ್ತಿ ಆಗ್ಲೇ ಬ್ಯಾಗ್ ತುಂಬಿ ಕೂತಿದ್ದಾಳೆ.”

“ಒಳಗೆ ಹಬೆ ಇದೆ ಮಾರಾಯ. ನಾಳೆ ನಮ್ಮ ಭಾವ ಆ ಪೈಪ್ ಬಿಚ್ಚಬೇಕು!”

“ಬಾಲಿಯಿಂದ ಬಂದ್ಮೇಲೆ ಹೇಳು.”

“ಅಷ್ಟೊತ್ತಿಗೆ ಭಾವನ ಸಾವಿನ ಏಳನೇ ದಿನದ ಊಟ ಆಗಿರುತ್ತೆ!”

ಮಧ್ಯಾಹ್ನ ಊಟಕ್ಕೆ ಕೂತಾಗ ವಗಿರಾನ್ ಎಡಗೈ ಚಾಚಿದ. ಕ್ಯಾಂಟೀನಿನ ಸುಮಿರಾ ಸೌಟು ಎತ್ತಿದಳು. “ಎಡಗೈಯಲ್ಲಿ ಉಣ್ತೀಯಾ? ಥೂ, ನಿಮ್ಮಮ್ಮ ಇದನ್ನೇ ಕಲಿಸಿದ್ದಾ?” ಸುಟ್ಟ ಅಂಗೈಯಿಂದಲೇ ಅವನು ಮೆಣಸಿನ ಚಟ್ನಿ ಕಲಸಿದ. ಕಣ್ಣಲ್ಲಿ ಧಾರಾಕಾರ ನೀರು.

“ನನ್ನ ಅಡುಗೆಗೆ ಅತ್ತಿದ್ದು ಇವನೊಬ್ಬನೇ,” ಎಂದು ಸುಮಿರಾ ಇನ್ನಷ್ಟು ಚಟ್ನಿ ಬಡಿಸಿದಳು.

ಪಕ್ಕದಲ್ಲಿ ಭಾವ ತುಮಿಜೊ ಚಪ್ಪರಿಸಿ ಉಣ್ಣುತ್ತಿದ್ದ. “ನಾಳೆ ಆರಾಮು ಕಣೋ, ಮೂಲೆ ಪೈಪ್ ಒಂದೇ. ಚೀಟಿ ನೋಡ್ದೆ, ತಣ್ಣಗಿದೆಯಂತೆ.”

ವಗಿರಾನನಿಗೆ ಅಕ್ಕನ ಮುಖ ಕಣ್ಣ ಮುಂದೆ ಬಂತು. ಮ್ಯಾನೇಜರ್ ಹೆಂದಾರ್ತೊ ಎಲ್ಲರ ಕೈ ಕುಲುಕುವಾಗ ಹೇಳಿಯೇಬಿಡಬೇಕು, ಊರೆಲ್ಲ ಶಪಿಸಿದರೂ ಸರಿ ಎಂದುಕೊಂಡ. ಊಟವಾದ ಮೇಲೆ ಹಳಬನೆಂದು ಸಾಲಿನ ಮುಂದಕ್ಕೆ ಅವನನ್ನೇ ತಳ್ಳಿದರು.

ಹೆಂದಾರ್ತೊ ಎಡಗೈ ಚಾಚಿದರು.

ಸಾಲು ದಂಗಾಯಿತು. ಸಾಲಗಾರನಿಗೂ ಯಾರೂ ಎಡಗೈ ಕೊಡುವುದಿಲ್ಲ. ಸಾಹೇಬರ ಬಲಗೈ ಜೇಬಿನೊಳಗಿತ್ತು.

ವಗಿರಾನ್ ಹತ್ತಿರ ಬಾಗಿದ. “ಸಾರ್... ಮೂಲೆ ಪೈಪಾ?”

ಅವರ ಮುಖ ಬಿಳಿಚಿತು. “ಮೆಲ್ಲಗೆ ಮಾತಾಡು! ಬೆಳಿಗ್ಗೆ ಆರಕ್ಕೆ ಮುಟ್ಟಿದ್ದು.”

“ಹೇಳ್ಬಿಡೋಣ ಸಾರ್. ನಾಳೆ ತುಮಿಜೊ ಬಿಚ್ಚಿದ್ರೆ ಬೆಂದು ಹೋಗ್ತಾನೆ. ಅವನಿಗೆ ಗೊತ್ತಿಲ್ಲ.”

ಹೆಂದಾರ್ತೊ ಬೋರ್ಡಿನತ್ತ ನೋಡಿದರು. “ನಿಜ. ಗೊತ್ತಿಲ್ದೋನ ಕೈಲಿ ಆ ಕೆಲಸ ಮಾಡಿಸೋದು ಮಹಾ ತಪ್ಪು.”

ವಗಿರಾನ್ ಬೆಳಗಿನಿಂದ ಹಿಡಿದಿದ್ದ ಉಸಿರು ಬಿಟ್ಟ.

“ನಾಳೆ ನೀನೇ ಬಿಚ್ಚು,” ಎಂದರು ಸಾಹೇಬರು. “ಅದು ಬಿಸಿ ಅಂತ ಗೊತ್ತಿರೋರು ನಾವಿಬ್ರೇ. ನಂದಂತೂ ಕೈ ಸುಟ್ಟಿದೆ.”