ನೇಮಾಳಿಗೆ ಕಳಿಸಿದ ಪಾರ್ಸೆಲ್ಲುಗಳು

ನನಗೆ ಜಂಬ ಜಾಸ್ತಿ ಎಂದು ನನ್ನ ಹೆಂಡತಿ ವಿಮಲ ಮದುವೆಯಾದ ವರ್ಷದಿಂದಲೂ ಹೇಳುತ್ತ ಬಂದಿದ್ದಾಳೆ. ಜಂಬಪಡಲು ಒಂದು ಕಾರಣವೂ ಇಲ್ಲದವನ ಮೇಲೆ ಇಂಥ ಆರೋಪ ನಿಲ್ಲುವುದಿಲ್ಲ ಎಂದು ನಾನು ವಾದಿಸುತ್ತಿದ್ದೆ. ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ಅಹಮದಾಬಾದಿನಲ್ಲಿ ನನಗೊಂದು ಕಾರಣ ಸಿಕ್ಕಿಬಿಟ್ಟಿತು. ಆ ಕಾಲದಲ್ಲಿ ಎಲ್ಲರ ಮನೆಗೂ ಫಾರಿನ್ನಿನಿಂದ ಏನಾದರೊಂದು ಬರುತ್ತಿತ್ತು. ಪಕ್ಕದ ಮನೆಗೆ ಲಂಡನ್ನಿನ ಭಾವನಿಂದ ಕೈಗಡಿಯಾರ, ಮೇಲಿನ ಮನೆಗೆ ದುಬೈ ತಮ್ಮನಿಂದ ಟೇಪ್ ರೆಕಾರ್ಡರು. ನಮ್ಮ ಮನೆಗೆ ಧಾರವಾಡದಿಂದ ಒಣಮೆಣಸಿನಕಾಯಿ ಬಿಟ್ಟರೆ ಬೇರೇನೂ ಬರುತ್ತಿರಲಿಲ್ಲ. ಹೀಗಿರುವಾಗ ಫಾರಿನ್ನಿಗೆ ಉಡುಗೊರೆ ಕಳಿಸುವವನು ನಾನಾದೆ. ತರಿಸಿಕೊಳ್ಳುವವರ ನಡುವೆ ಕಳಿಸುವವನು. ಎದೆ ಒಂದಿಷ್ಟು ಉಬ್ಬಿದ್ದು ನಿಜ.

ಇದಕ್ಕೆಲ್ಲ ಮೂಲ ನಮ್ಮ ಕೆಳಮನೆಯ ಕಾಂತಿಭಾಯಿ. ಟಾಂಜಾನಿಯಾದ ಒಂದು ಊರಿನಲ್ಲಿ ಅರ್ಧ ಆಯುಷ್ಯ ಬಟ್ಟೆ ಅಂಗಡಿ ನಡೆಸಿ, ಅದನ್ನು ಮುಚ್ಚಿ, ನವರಂಗಪುರದ ನಮ್ಮ ಸೊಸಾಯಿಟಿಗೆ ಬಂದು ನೆಲೆಸಿದ್ದರು. ಶರೀರ ಮಾತ್ರ ಬಂದಿತ್ತು. ವರಾಂಡದ ಉಯ್ಯಾಲೆಯ ಮೇಲೆ ಕೂತು, ಬಸಿಯಲ್ಲಿ ಚಹಾ ಹೀರುತ್ತ, ದಿನವಿಡೀ ಆ ಊರಿನ ಮಾತೇ ಆಡುತ್ತಿದ್ದರು. ಅಲ್ಲೊಂದು ಹೆಣ್ಣುಮಕ್ಕಳ ಹಾಸ್ಟೆಲ್ ಶಾಲೆಯಿತ್ತಂತೆ. ಅನುಕೂಲವಿಲ್ಲದ ಹುಡುಗಿಯರಿಗೆ ಇಲ್ಲಿಂದ ಒಬ್ಬೊಬ್ಬ ಪೋಷಕರನ್ನು ಗೊತ್ತುಮಾಡುವುದು ಅವರು ತಾವಾಗಿಯೇ ಹಚ್ಚಿಕೊಂಡ ಕೆಲಸ. ಫೀಜಿಗೆ ನಮ್ಮ ಪಾಲು ಕೊಟ್ಟರೆ ಮುಂದಿನ ಏರ್ಪಾಡು ಅವರದು. ಪತ್ರ ಬರೆಯುವುದು, ವರ್ಷಕ್ಕೊಮ್ಮೆ ಉಡುಗೊರೆ ಕಳಿಸುವುದು ನಮ್ಮದು. ಸೊಸಾಯಿಟಿಯ ಉಳಿದವರು ಯೋಚಿಸಿ ಹೇಳುತ್ತೇವೆ ಎಂದು ಹೋದರು. ನಾನು ಯೋಚಿಸುವ ಅಭ್ಯಾಸ ಇಲ್ಲದವನಾದ್ದರಿಂದ ಅಲ್ಲೇ ಒಪ್ಪಿಕೊಂಡೆ. ಅವರು ತಮ್ಮ ನೋಟುಪುಸ್ತಕದಿಂದ ಒಂದು ಚೀಟಿ ಹರಿದು ಕೊಟ್ಟರು. ಗುಜರಾತಿಯಲ್ಲಿ ಬರೆದಿತ್ತು: ನೇಮಾ, ಧೋ. ೮.

ಹತ್ತು ವರ್ಷದಿಂದ ಬಸ್ಸಿನ ಬೋರ್ಡು ಓದಿಕೊಂಡು ಓಡಾಡಿದವನು ನಾನು. ಗುಜರಾತಿ ಓದಲು ಬರುವುದಿಲ್ಲ ಎಂದರೆ ಸಿಟ್ಟು ಬರುತ್ತಿತ್ತು. ಎಂಟು ವರ್ಷದ ಮಗು ಎಂದು ಮನೆಯಲ್ಲಿ ಸಾರಿದೆ. ರಿಲೀಫ್ ರೋಡಿಗೆ ಹೋಗಿ ಗುಲಾಬಿ ಬಣ್ಣದ, ಝಾಲರು ಹಚ್ಚಿದ ಫ್ರಾಕು ತಂದೆ. ಒತ್ತಿದರೆ ಕೀಂಯ್ ಎನ್ನುವ ರಬ್ಬರ್ ಗೊಂಬೆ ತಂದೆ. ವಿಮಲ ಡಬ್ಬಿಯ ತುಂಬ ಬೇಸನ್ ಉಂಡೆ ಕಟ್ಟಿದಳು. ಪೋಸ್ಟಾಫೀಸಿನ ರಸೀದಿಯನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು, ಆಫೀಸಿನಲ್ಲಿ ಪೆನ್ನು ತೆಗೆಯುವ ನೆಪದಲ್ಲಿ ಬೀಳಿಸಿ, ಯಾರಾದರೂ ಎತ್ತಿಕೊಟ್ಟು ಏನಿದು ಎಂದು ಕೇಳುವಂತೆ ನೋಡಿಕೊಂಡೆ. ಕೆಲವರು ಕೇಳದೆಯೇ ಎತ್ತಿಕೊಟ್ಟರು. ಅಂಥವರ ಎದುರು ಮರುದಿನ ಮತ್ತೆ ಬೀಳಿಸಿದೆ.

ಮೂರು ತಿಂಗಳಾದ ಮೇಲೆ ನೇಮಾಳ ಪತ್ರ ಬಂತು. ದುಂಡಗಿನ, ಚೊಕ್ಕವಾದ ಇಂಗ್ಲಿಷ್ ಅಕ್ಷರ. ಪ್ರೀತಿಯ ಬಾಬಾ ಎಂದು ಶುರುವಾಗಿತ್ತು. ಬಾಬಾ ಎಂದರೆ ಅವರ ಭಾಷೆಯಲ್ಲಿ ಅಪ್ಪ ಎಂದು ಕಾಂತಿಭಾಯಿ ಹೇಳಿದರು. ಉಂಡೆಯನ್ನು ಹಾಸ್ಟೆಲ್ಲಿನ ಎಲ್ಲರೂ ಹಂಚಿಕೊಂಡು ತಿಂದೆವು, ಫ್ರಾಕು ನನ್ನ ತಂಗಿಗೆ ಸರಿಯಾಗಿದೆ, ಗೊಂಬೆಯೂ ಅವಳಿಗೇ ಆಯಿತು, ನನಗೆ ಹದಿನಾಲ್ಕು ವರ್ಷ, ಓದಿನಲ್ಲಿ ವಿಜ್ಞಾನ ಇಷ್ಟ ಎಂದು ಬರೆದಿದ್ದಳು. ನಾನು ಚೀಟಿ ತೆಗೆದು ಮತ್ತೆ ನೋಡಿದೆ. ನಮ್ಮ ಮಗಳು ಶೈಲಾ, ಆಗ ಅವಳಿಗೆ ಹತ್ತು ವರ್ಷ, ನನ್ನ ಹೆಗಲ ಮೇಲಿಂದ ಬಗ್ಗಿ ನೋಡಿ, ಪಪ್ಪಾ, ಧೋ. ಅಂದರೆ ಧೋರಣ್, ಎಂಟನೇ ಕ್ಲಾಸು ಎಂದಳು. ಮೊದಲೇ ಯಾಕೆ ಹೇಳಲಿಲ್ಲ ಎಂದರೆ, ನೀವು ಕೇಳಲೇ ಇಲ್ಲವಲ್ಲ ಎಂದು ತನ್ನ ಅರ್ಧ ಗುಜರಾತಿ ಕನ್ನಡದಲ್ಲಿ ಉತ್ತರ ಕೊಟ್ಟು ಆಡಲು ಹೋದಳು.

ಪತ್ರದ ಕೊನೆಯಲ್ಲಿ ನೇಮಾ, ನೀವು ಏನು ಕೆಲಸ ಮಾಡುತ್ತೀರಿ ಎಂದು ಕೇಳಿದ್ದಳು. ನಾನು ಕೆಲಸ ಮಾಡುತ್ತಿದ್ದದ್ದು ದೊಡ್ಡ ವಿಜ್ಞಾನ ಸಂಸ್ಥೆಯೊಂದರಲ್ಲಿ. ಮಾಡುತ್ತಿದ್ದದ್ದು ಗಾಜು ಊದುವ ಕೆಲಸ. ವಿಜ್ಞಾನಿಗಳು ಕಾಗದದ ಮೇಲೆ ಗೀಚಿಕೊಟ್ಟ ನಳಿಗೆಗಳನ್ನು, ಬುರುಡೆಗಳನ್ನು ಬೆಂಕಿಯ ಮುಂದೆ ಕೂತು ಕೆನ್ನೆ ಉಬ್ಬಿಸಿ ಮಾಡಿಕೊಡುವವನು. ಊದುವ ಕೆಲಸ ಎಂದಾಗ ಊರಿನ ನಮ್ಮ ಸೋದರಮಾವ ನನಗೆ ಬ್ಯಾಂಡ್ ಕಂಪನಿಯಲ್ಲಿ ನೌಕರಿ ಸಿಕ್ಕಿದೆ ಎಂದುಕೊಂಡಿದ್ದರು. ಅದನ್ನೆಲ್ಲ ಆ ಮಗುವಿಗೆ ಹೇಗೆ ವಿವರಿಸುವುದು? ನಾನು ಬಾಹ್ಯಾಕಾಶ ಸಂಶೋಧನೆಯಲ್ಲಿದ್ದೇನೆ ಎಂದು ಬರೆದೆ. ಸುಳ್ಳೇನಲ್ಲ. ಆದರೆ ಕೈ ಅಲ್ಲಿಗೆ ನಿಲ್ಲಲಿಲ್ಲ. ನಮ್ಮ ರಾಕೆಟ್ಟು, ನಮ್ಮ ಪ್ರಯೋಗ ಎಂದು ಎರಡು ಪುಟ ತುಂಬಿಸಿತು.

ಮುಂದಿನ ಪತ್ರದಲ್ಲಿ ನೇಮಾಳ ಸಂತೋಷ ಹಾಳೆಯ ಅಂಚಿಗೆಲ್ಲ ಹರಿದಿತ್ತು. ನನ್ನ ಬಾಬಾ ವಿಜ್ಞಾನಿ ಎಂದು ಶಾಲೆಗೆಲ್ಲ ಹೇಳಿದ್ದಾಳೆ. ತಾನೂ ನನ್ನ ಹಾಗೆ ಆಗುತ್ತಾಳೆ. ಅವಳ ಟೀಚರು ನಾಲ್ಕು ಪ್ರಶ್ನೆ ಕಳಿಸಿದ್ದಾರೆ. ನಾಲ್ಕರಲ್ಲಿ ಒಂದಕ್ಕೂ ನನಗೆ ಉತ್ತರ ಗೊತ್ತಿರಲಿಲ್ಲ. ಮೂರನೆಯ ಪ್ರಶ್ನೆಯಂತೂ ಪ್ರಶ್ನೆ ಎಂದೇ ತಿಳಿಯಲಿಲ್ಲ. ಜೊತೆಗೆ ಇನ್ನೊಂದು ಸಾಲಿತ್ತು. ಶಾಲೆಯ ಪ್ರಯೋಗಶಾಲೆಯಲ್ಲಿ ಇದ್ದ ಕೊನೆಯ ಟೆಸ್ಟ್ ಟ್ಯೂಬೂ ಒಡೆದಿದೆ, ಈಗ ಪ್ರಯೋಗಗಳನ್ನು ಬೋರ್ಡಿನ ಮೇಲೆ ಚಿತ್ರ ಬರೆದು ನೋಡುತ್ತೇವೆ ಎಂದು.

ನಾನು ಉತ್ತರಗಳನ್ನು ನಮ್ಮ ವಿಭಾಗದ ಡಾಕ್ಟರ್ ಸಾಹೇಬರಿಂದ ಬರೆಸಿಕೊಂಡು ಕಳಿಸಿಬಿಡುವ ಎಂದಿದ್ದೆ. ವಿಮಲ ಅವರೆಕಾಳು ಸುಲಿಯುತ್ತ ಕೂತಿದ್ದಳು. ತಲೆ ಎತ್ತದೆ ಹೇಳಿದಳು: "ಆ ಹುಡುಗಿ ನಿಮ್ಮನ್ನು ಅಪ್ಪ ಅಂತ ಕರೆದಿದ್ದಾಳೆ. ಅಪ್ಪನ ಕೆಲಸ ಏನು ಅಂತ ಮಗಳಿಗೆ ಗೊತ್ತಿರಬೇಕು."

ನಾನು ಎರಡು ದಿನ ಅವಳ ಮೇಲೆ ಸಿಟ್ಟುಮಾಡಿಕೊಂಡು ಓಡಾಡಿದೆ. ಮೂರನೆಯ ದಿನ ಕೂತು ಬರೆದೆ. ನಾನು ವಿಜ್ಞಾನಿಯಲ್ಲ, ವಿಜ್ಞಾನಿಗಳಿಗೆ ಗಾಜು ಊದಿಕೊಡುವವನು, ಮೆಟ್ರಿಕ್ ಪಾಸಾಗಿದ್ದೇನೆ, ಅದೂ ಎರಡನೆಯ ಸಲಕ್ಕೆ, ಈ ಉತ್ತರಗಳು ನಮ್ಮ ಸಾಹೇಬರವು. ಪತ್ರ ಡಬ್ಬಿಗೆ ಹಾಕಿದ ಮೇಲೆ ಕೈಹಾಕಿ ವಾಪಸು ತೆಗೆಯಲಾದೀತೇ ಎಂದು ನೋಡಿದ್ದೂ ಉಂಟು. ಮುಂದಿನ ಮೂರು ತಿಂಗಳು ನನ್ನ ಜೇಬಿನಿಂದ ಏನೂ ಬೀಳಲಿಲ್ಲ.

ಉತ್ತರ ಬಂದಾಗ ಒಡೆಯಲು ಧೈರ್ಯವಾಗದೆ ಶೈಲಾಳ ಕೈಗೆ ಕೊಟ್ಟೆ. ಅವಳು ಇಂಗ್ಲಿಷ್ ಸಾಲುಗಳನ್ನು ಕೂಡಿಸಿ ಕೂಡಿಸಿ ಓದಿದಳು. ನೇಮಾ ಬರೆದಿದ್ದಳು: "ಬಾಬಾ, ನಾವು ತರಗತಿಯಲ್ಲಿ ನಿಮ್ಮ ಪತ್ರ ಓದಿದೆವು. ಗಾಜಿನ ನಳಿಗೆಯನ್ನು ಒಬ್ಬ ಮನುಷ್ಯ ಉಸಿರಿನಿಂದ ಮಾಡುತ್ತಾನೆ ಎಂದು ನಮ್ಮ ಟೀಚರಿಗೂ ಗೊತ್ತಿರಲಿಲ್ಲ. ಒಂದು ಮಾಡಿ ಕಳಿಸುತ್ತೀರಾ?"

ಶೈಲಾ ಇನ್ನೊಮ್ಮೆ ಓದಲೇ ಎಂದಳು. ನಾನು ಓದು ಎಂದೆ.

ಸಾಹೇಬರಿಗೆ ಎಲ್ಲವನ್ನೂ ಹೇಳಿದೆ. ಅವರು ನಕ್ಕು, ಕತ್ತರಿಸಿ ಉಳಿದ ಗಾಜಿನ ತುಂಡುಗಳನ್ನು ನಾನು ಬಳಸಬಹುದೆಂದು ಒಂದು ಕಾಗದ ಬರೆದುಕೊಟ್ಟರು. ಶನಿವಾರ ಮಧ್ಯಾಹ್ನಗಳಲ್ಲಿ ಕೂತು ಎರಡು ಡಜನ್ ಟೆಸ್ಟ್ ಟ್ಯೂಬು, ಆರು ಫನೆಲ್ಲು, ಆವಿಯನ್ನು ತಣಿಸಿ ನೀರಾಗಿಸಲು ಒಳಗೊಂದು ಸುರುಳಿ ನಳಿಗೆಯಿರುವ ಒಂದು ಕಂಡೆನ್ಸರು ಮಾಡಿದೆ. ಆ ಸುರುಳಿಯ ಮಾತು ಸ್ವಲ್ಪ ಹೇಳಲೇಬೇಕು. ಹನ್ನೊಂದು ಸುತ್ತು, ಎಲ್ಲೂ ಸೊಟ್ಟಿಲ್ಲ. ಸಾಹೇಬರಿಗೆ ಅಂಥದ್ದನ್ನು ಮಾಡಿಕೊಡುವಾಗ ಒಂಬತ್ತನೆಯ ಸುತ್ತಿಗೆ ನನ್ನ ಉಸಿರು ಕುಂದುತ್ತಿತ್ತು. ಈ ಸಲ ಕುಂದಲಿಲ್ಲ. ಸಾಹೇಬರು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ, ಇಂಥದ್ದು ನನಗೆ ಯಾವತ್ತೂ ಮಾಡಿಕೊಟ್ಟಿಲ್ಲವಲ್ಲ ಎಂದರು. ನಾನು ಕೆಮ್ಮಿದೆ.

ಗಾಜನ್ನು ಸಮುದ್ರ ದಾಟಿಸುವುದು ವಿಮಲಳ ಪಾಲಿಗೆ ಬಂತು. ಹುಲ್ಲಿನಿಂದ ಆಗುವುದಿಲ್ಲ ಎಂದು ತನ್ನ ಹಳೆಯ ಸೀರೆಗಳನ್ನೆಲ್ಲ ಹೊರತೆಗೆದಳು. ಒಂದೊಂದು ಟ್ಯೂಬಿಗೂ ಸುತ್ತಿ, ಕಂಡೆನ್ಸರಿಗೆ ಹಸಿರು ಇಳಕಲ್ ಸೀರೆಯನ್ನೇ ಇಡಿಯಾಗಿ ಹೊದಿಸಿ, ಮರದ ಪೆಟ್ಟಿಗೆಯಲ್ಲಿಟ್ಟು, ಮೇಲೆ ಬಿಳಿ ಬಟ್ಟೆ ಹೊಲಿದಳು. ಪೋಸ್ಟಾಫೀಸಿನ ಗುಮಾಸ್ತ ಪೆಟ್ಟಿಗೆ ನೋಡಿ, ವೈಜ್ಞಾನಿಕ ಉಪಕರಣವಾದರೆ ಬೇರೆ ಅರ್ಜಿ ಬೇಕು ಎಂದ. ಉಡುಗೊರೆ ಎಂದೆ. ಯಾರಿಗೆ ಎಂದ. ಮಗಳಿಗೆ ಎಂದೆ. ಅವನು ವಿಳಾಸ ಓದಿ, ನನ್ನ ಮುಖ ನೋಡಿ, ಮತ್ತೆ ವಿಳಾಸ ಓದಿದ. ಆಗ ನನ್ನ ಪಕ್ಕದಲ್ಲಿ ನಿಂತಿದ್ದ ಶೈಲಾ ಕೌಂಟರಿನ ಅಂಚು ಹಿಡಿದು ಹಿಮ್ಮಡಿ ಎತ್ತಿ, ಗುಜರಾತಿಯಲ್ಲಿ, ಏನೂ ವಿಶೇಷವಿಲ್ಲದವಳ ಹಾಗೆ ಹೇಳಿದಳು: "ನನ್ನ ಅಕ್ಕ."

ಗುಮಾಸ್ತ ಅರ್ಜಿಯ ಮಾತು ಬಿಟ್ಟು ಮೊಹರು ಒತ್ತಿದ. ಮನೆಗೆ ಬರುವ ಬಸ್ಸಿನಲ್ಲಿ ನನಗೆ ಸೀಟು ಸಿಕ್ಕಿದರೂ ಕೂರಬೇಕೆನಿಸಲಿಲ್ಲ.

ನೇಮಾಳ ಪತ್ರಕ್ಕಾಗಿ ಆ ಸಲ ಕಾದಷ್ಟು ನಾನು ಬಡ್ತಿಗೂ ಕಾದಿರಲಿಲ್ಲ. ಅಂತೂ ಬಂತು. ಮುಖ್ಯೋಪಾಧ್ಯಾಯಿನಿಯ ಒಂದು ಒಕ್ಕಣೆ, ಒಂದು ಫೋಟೋ, ನೇಮಾಳ ನಾಲ್ಕು ಪುಟ. ಒಂದೇ ಒಂದು ಫನೆಲ್ಲು ಬಿರುಕು ಬಿಟ್ಟಿತ್ತು, ಉಳಿದದ್ದೆಲ್ಲ ಸುಖವಾಗಿ ತಲುಪಿತ್ತು. ಗಾಜಿನ ಬಗ್ಗೆ ಒಂದು ಪ್ಯಾರಾ ಇತ್ತು. ಚೆನ್ನಾಗಿಯೇ ಇತ್ತು, ನಾನು ಇಂದಿಗೂ ಬಾಯಿಪಾಠ ಹೇಳಬಲ್ಲೆ. ಉಳಿದ ಮೂರೂವರೆ ಪುಟ ಸೀರೆಗಳ ವಿಷಯ. ಒಂದು ಸೀರೆಯಲ್ಲಿ ಎರಡು ಲಂಗವಾಗುತ್ತದೆ, ಇನ್ನೊಂದರಲ್ಲಿ ಹಾಸ್ಟೆಲ್ಲಿನ ಕಿಟಕಿಗಳಿಗೆಲ್ಲ ಪರದೆಯಾಗಿದೆ, ಹಸಿರಿನದನ್ನು ಶಾಲೆಯ ವಾರ್ಷಿಕೋತ್ಸವದಲ್ಲಿ ನೇಮಾ ಉಟ್ಟಿದ್ದಾಳೆ. ಫೋಟೋದಲ್ಲಿ ಅವಳು ಇಳಕಲ್ ಸೀರೆಯುಟ್ಟು ಎದೆ ಸೆಟೆದು ನಿಂತಿದ್ದಳು. ಹಿಂದೆ ಮೇಜಿನ ಮೇಲೆ ನನ್ನ ಕಂಡೆನ್ಸರು, ಅರ್ಧ ಸೆರಗಿನ ಮರೆಯಲ್ಲಿ. ಹನ್ನೊಂದರಲ್ಲಿ ಐದು ಸುತ್ತು ಕಾಣುತ್ತಿತ್ತು. ತಾಯಿಗೆ ನಮ್ಮೆಲ್ಲರ ನಮಸ್ಕಾರ ಹೇಳಿ, ಇಂಥ ಪ್ಯಾಕಿಂಗು ಇನ್ನೂ ಇದ್ದರೆ ದಯವಿಟ್ಟು ಕಳಿಸಲಿ ಎಂದು ಪತ್ರ ಮುಗಿದಿತ್ತು.

ವಿಮಲ ಆ ಫೋಟೋವನ್ನು ಸೊಸಾಯಿಟಿಯ ಪ್ರತಿ ಮನೆಗೂ ತೋರಿಸಿ ಬಂದಳು. ಆಮೇಲಿನ ವರ್ಷಗಳಲ್ಲಿ ನೇಮಾ ಕಾಲೇಜು ಮುಗಿಸಿ ತನ್ನದೇ ಶಾಲೆಯಲ್ಲಿ ವಿಜ್ಞಾನದ ಟೀಚರಾಗುವವರೆಗೆ ನಮ್ಮ ಮನೆಯಿಂದ ಪ್ರತಿವರ್ಷ ಪೆಟ್ಟಿಗೆ ಹೋಯಿತು. ಯಾವ ಸೀರೆ ಎಂದು ವಿಮಲ, ಶೈಲಾ ತಿಂಗಳುಗಟ್ಟಲೆ ಚರ್ಚೆ ಮಾಡುತ್ತಿದ್ದರು. ಕೊನೆಗೆ ಎಲ್ಲ ಮಡಿಸಿಟ್ಟ ಮೇಲೆ, ಮೂಲೆಯಲ್ಲಿ ನಾಲ್ಕು ಬೆರಳು ಜಾಗ ಉಳಿದರೆ ನನ್ನನ್ನು ಕರೆದು, ಸೀರೆ ಅಲುಗಾಡದ ಹಾಗೆ ಏನಾದರೂ ಗಾಜು ಇದ್ದರೆ ಕೊಡಿ ಎನ್ನುತ್ತಿದ್ದರು.